ಸ್ಟೇ ವೈರನ್ನು ತೆಂಗಿನ ಮರಕ್ಕೆ ಕಟ್ಟಬೇಡಿ

ರಾಮನಗರ, ಮಾಗಡಿ ಕಡೆ ಹ್ಯಾಮ್ ರೇಡಿಯೊಗೆಂದು ಮನೆ ಪಕ್ಕ ಕಂಬ ನಿಲ್ಲಿಸುವವರು ಮೊದಲು ತಲೆಯೆತ್ತಿ ನೋಡಿ. ಕಂಬ, ಆಂಟೆನಾ ಎರಡೂ ಸೇರಿ ಎಷ್ಟುದ್ದವೋ ಅದಕ್ಕಿಂತ ಸಾಕಷ್ಟು ಆಚೆಗೆ ಕರೆಂಟಿನ ತಂತಿ ಇರಬೇಕು. ಬಿದ್ದರೂ ತಾಕಬಾರದು. ಅಷ್ಟು ಜಾಗವಿಲ್ಲದಿದ್ದರೆ ಅಲ್ಲಿ ಕಂಬ ಬೇಡವೇ ಬೇಡ.

40 ಅಡಿ ಕಂಬವಾದರೆ ಅದನ್ನು ಹಿಡಿದಿಡುವ ಸ್ಟೇ ವೈರುಗಳು ಬುಡದಿಂದ 24ರಿಂದ 32 ಅಡಿ ದೂರಕ್ಕೆ ಇಳಿಯಬೇಕು. ಮೂರು ದಿಕ್ಕಿಗೆ, ನಡುವೆ 120 ಡಿಗ್ರಿ ಬಿಟ್ಟು. ಚನ್ನಪಟ್ಟಣದ ತೋಟದಲ್ಲಿ ಸರಿಯಾಗಿ ಅದೇ ಜಾಗದಲ್ಲಿ ತೆಂಗಿನ ಮರವಿದ್ದರೆ ಅದಕ್ಕೇ ಬಿಗಿಯೋಣ ಅನ್ನಿಸುತ್ತೆ. ಬೇಡಿ. ಭರಣಿ ಮಳೆಯ ಗಾಳಿಗೆ ಮರ ತೂಗಿದಷ್ಟೂ ಸಲ ತಂತಿ ಕಂಬವನ್ನು ಜಗ್ಗುತ್ತೆ. ಅದಕ್ಕಿಂತ ರಾಮನಗರದ ಬಂಡೆ ಎಷ್ಟೋ ವಾಸಿ. ಬಿರುಕಿಲ್ಲದ ಕಡೆ ಕೊರೆದು, ಬೋಲ್ಟು ಕೂರಿಸಿ, ಗ್ರೌಟ್ ತುಂಬಿ ಚೆನ್ನಾಗಿ ಗಟ್ಟಿಯಾಗಲು ಬಿಟ್ಟರೆ ಅಲ್ಲಾಡುವುದಿಲ್ಲ.

ಅದೇ ಬಂಡೆ ಅರ್ತಿಂಗಿಗೆ ಮಾತ್ರ ಆಗಿಬರುವುದಿಲ್ಲ. ಒಣ ಕಲ್ಲಿನಲ್ಲಿ ಸಿಡಿಲಿಗೆ ದಾರಿ ಸಿಗದು. ಮಣ್ಣು ಆಳವಾಗಿ, ತೇವವಾಗಿ ಇರುವಲ್ಲಿಗೆ ತಾಮ್ರದ ಪಟ್ಟಿ ಎಳೆದು ರಾಡುಗಳನ್ನು ಇಳಿಸಿ, ಮನೆಯ ಅರ್ತಿಂಗಿಗೂ ಜೋಡಿಸಿ. ಖರ್ಚೆಂದು ಇದನ್ನು ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯ.

ಇನ್ನೊಂದು ಸಣ್ಣ ಕೆಲಸ. ಸ್ಟೇ ವೈರನ್ನು ಎಳೆದು ಹಿಡಿಯುವ ಟರ್ನ್‌ಬಕಲ್ ಬಿಗಿದ ಮೇಲೆ ಅದರ ಎರಡೂ ಕಣ್ಣು, ನಡುವಿನ ಭಾಗ ಸೇರಿಸಿ ತಂತಿ ಪೋಣಿಸಿ ಕಟ್ಟಿ. ಇಲ್ಲದಿದ್ದರೆ ಗಾಳಿಯ ಅದುರಿಗೆ ತಿರುಪು ತಾನಾಗಿ ಬಿಚ್ಚಿಕೊಳ್ಳುತ್ತೆ. ಕಂಬ ಎತ್ತುವಾಗ ಒಬ್ಬರದ್ದೇ ಮಾತು ನಡೆಯಲಿ, ಮಕ್ಕಳು ಕಂಬದ ಉದ್ದಕ್ಕಿಂತ ಆಚೆ ನಿಲ್ಲಲಿ. ಮೋಡ ಕಟ್ಟಿದ್ದರೆ ಕೆಲಸ ನಾಳೆಗೆ.