ನಪಾಸಾದ ಹುಡುಗ ಬರೆಯಲು ಕಲಿತ ಊರು

ಮೈಸೂರಿಗೆ ಬರುವ ಪ್ರವಾಸಿಗರ ಪಟ್ಟಿ ಬಹುಮಟ್ಟಿಗೆ ಒಂದೇ. ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಅರಮನೆ, ಮೃಗಾಲಯ, ಸಂಜೆಗೆ ಬೃಂದಾವನ. ರೈಲ್ವೆ ನಿಲ್ದಾಣದಿಂದ ಆಟೋದಲ್ಲಿ ಕೆಲವೇ ನಿಮಿಷಗಳ ದಾರಿಯಾದ ಯಾದವಗಿರಿಯ ಎರಡಂತಸ್ತಿನ ಮನೆಯೊಂದು ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಶಾಲೆಗೆ ಹೋಗುವ ಮಕ್ಕಳನ್ನು ಕರೆದುಕೊಂಡು ಬರುವ ತಂದೆ ತಾಯಿ ಮಾತ್ರ ಈ ಮನೆಯನ್ನು ತಪ್ಪಿಸಿಕೊಳ್ಳಬಾರದು. ಅದರಲ್ಲೂ ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ.

ಇದು ಮಾಲ್ಗುಡಿಯನ್ನು ಸೃಷ್ಟಿಸಿದ ಆರ್.ಕೆ. ನಾರಾಯಣ್ ಅವರ ಮನೆ. ಮಾಲ್ಗುಡಿ ಭೂಪಟದಲ್ಲಿ ಇಲ್ಲದ ಊರು. ಆದರೂ 1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನ ಧಾರಾವಾಹಿಯ ನಂತರ ಆ ಊರನ್ನು ಅರಿಯದ ಮನೆಯೇ ಇಲ್ಲವೆನ್ನಬಹುದು. ಹತ್ತಾರು ಕಾದಂಬರಿ, ನೂರಾರು ಕತೆಗಳನ್ನು ಇಂಗ್ಲಿಷಿನಲ್ಲಿ ಬರೆದು ಜಗತ್ತಿನಾದ್ಯಂತ ಓದುಗರನ್ನು ಪಡೆದ ಈ ಲೇಖಕ, ಕಾಲೇಜು ಸೇರುವ ಮುನ್ನ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿದ್ದರು. ಅದೂ ಯಾವ ವಿಷಯದಲ್ಲಿ? ಇಂಗ್ಲಿಷಿನಲ್ಲಿ!

ಕೆರೆಯ ದಂಡೆಯ ಒಂದು ವರ್ಷ

ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದ್ರಾಸಿನಲ್ಲಿ. ಬಾಲ್ಯ ಕಳೆದದ್ದು ಅಲ್ಲೇ, ಅಜ್ಜಿಯ ಆರೈಕೆಯಲ್ಲಿ. ತಂದೆ ಆರ್.ವಿ. ಕೃಷ್ಣಸ್ವಾಮಿ ಅಯ್ಯರ್ ಮೈಸೂರಿನ ಮಹಾರಾಜ ಕಾಲೇಜಿಗೆ ಸೇರಿದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದ ಮೇಲೆ ಹುಡುಗ ಮೈಸೂರಿಗೆ ಬಂದ. ತಂದೆ ಶಿಸ್ತಿನ ಮನುಷ್ಯ. ಅಂಥವರ ಮಗ ಪರೀಕ್ಷೆಯಲ್ಲಿ ಬಿದ್ದರೆ ಊರು ಏನೆಂದೀತು ಎಂಬುದನ್ನು ಯಾವ ಮೇಷ್ಟರ ಮಗನಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮರುಪರೀಕ್ಷೆ ಪಾಸಾಗಿ 1926ರಲ್ಲಿ ಕಾಲೇಜು ಸೇರುವವರೆಗೆ ನಾರಾಯಣ್ ಅವರಿಗೆ ಸುಮಾರು ಒಂದು ವರ್ಷ ಬಿಡುವು. ತರಗತಿಯಿಲ್ಲ, ಪಾಠಪಟ್ಟಿಯಿಲ್ಲ. ಆ ವರ್ಷದಲ್ಲಿ ಅವರು ಮಾಡಿದ್ದು ಎರಡೇ ಕೆಲಸ: ಓದಿದ್ದು ಮತ್ತು ನಡೆದದ್ದು. ತಂದೆಯ ಶಾಲೆಯ ಗ್ರಂಥಾಲಯ ಸಣ್ಣದಲ್ಲ. ಇಂಗ್ಲೆಂಡ್ ಮತ್ತು ಅಮೆರಿಕದಿಂದ ಹಡಗಿನ ಅಂಚೆಯಲ್ಲಿ ಬರುತ್ತಿದ್ದ ಸಾಹಿತ್ಯ ಪತ್ರಿಕೆಗಳೂ ಅಲ್ಲಿದ್ದವು. ಕತೆಗಳು ಹೇಗಿರುತ್ತವೆ, ವಿಮರ್ಶಕರು ಅವುಗಳ ಬಗ್ಗೆ ಏನು ಬರೆಯುತ್ತಾರೆ, ಯಾವ ಪ್ರಕಾಶಕರು ಎಲ್ಲಿದ್ದಾರೆ ಎಂಬುದನ್ನೆಲ್ಲ ಲಂಡನ್ ನೋಡದ ಹುಡುಗ ಮೈಸೂರಿನ ಬೆಂಚಿನ ಮೇಲೆ ಕುಳಿತೇ ತಿಳಿದುಕೊಂಡ.

ಓದಲು ಅವರು ಆರಿಸಿಕೊಂಡಿದ್ದ ಇನ್ನೊಂದು ಜಾಗ ಕುಕ್ಕರಹಳ್ಳಿ ಕೆರೆಯ ದಂಡೆ. ಅಲ್ಲಿಗೆ ಕವಿತೆಯ ಪುಸ್ತಕ ಹಿಡಿದು ಹೋಗಿ ಮರದ ಕೆಳಗೆ ಓದುತ್ತಿದ್ದುದನ್ನು ಮುಂದೆ 1974ರಲ್ಲಿ ಪ್ರಕಟವಾದ ಆತ್ಮಕತೆ ‘ಮೈ ಡೇಸ್’ನಲ್ಲಿ ಸ್ಮರಿಸಿದ್ದಾರೆ. ಆಗಿನ ಕುಕ್ಕರಹಳ್ಳಿ ಊರಿನ ಅಂಚು. ಈಗ ಕೆರೆಯ ಪಕ್ಕದಲ್ಲೇ ಮಾನಸಗಂಗೋತ್ರಿ. ಸುತ್ತ ನಗರ ಬೆಳೆದುಕೊಂಡಿದೆ. ಆದರೆ ಬೆಳಗಿನ ಹೊತ್ತು ಏರಿಯ ಮೇಲೆ ನಡೆದರೆ ನೀರಿನ ಮೇಲೆ ತೇಲುವ ಹೆಜ್ಜಾರ್ಲೆಗಳು, ಎದುರಾಗಿ ಬರುವ ವಾಯುವಿಹಾರದ ಹಿರಿಯರು, ಕಲ್ಲುಬೆಂಚಿನ ಮೇಲೆ ಪುಸ್ತಕ ತೆರೆದಿಟ್ಟುಕೊಂಡ ವಿದ್ಯಾರ್ಥಿಗಳು ಇಂದಿಗೂ ಕಾಣಸಿಗುತ್ತಾರೆ.

ಮೆಟ್ಟಿಲ ಮೇಲಿನ ಗೆಳೆಯ

ಕೆರೆಯಿಂದ ಮಹಾರಾಜ ಕಾಲೇಜು ದೂರವೇನಲ್ಲ. ಈ ಕಾಲೇಜಿನ ಪಡಸಾಲೆಗಳಲ್ಲಿ 1920ರ ದಶಕದ ಉತ್ತರಾರ್ಧದಲ್ಲಿ ಓಡಾಡಿದವರ ಹೆಸರುಗಳು ಕನ್ನಡಿಗರಿಗೆ ಪುಳಕ ತರುವಂಥವು. ಇಂಗ್ಲಿಷಿನಲ್ಲಿ ಕವಿತೆ ಬರೆಯಲು ತೊಡಗಿ, ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಮಾತಿನಿಂದ ಕನ್ನಡಕ್ಕೆ ಹೊರಳಿದ ಕುವೆಂಪು 1927ರಲ್ಲಿ ಬಿ.ಎ. ಮುಗಿಸಿದ್ದು ಇಲ್ಲಿಯೇ. ಅವರಿಗಿಂತ ಕಿರಿಯರಾದ ನಾರಾಯಣ್ ಇಂಗ್ಲಿಷಿನಲ್ಲೇ ಉಳಿದರು. ಭಾಷೆ ಬೇರೆಯಾದರೂ ಇಬ್ಬರೂ ಬರೆದದ್ದು ತಾವು ಕಂಡ ನೆಲದ ಜನರನ್ನೇ.

ಮೂರು ವರ್ಷದ ಪದವಿಗೆ ನಾರಾಯಣ್ ನಾಲ್ಕು ವರ್ಷ ತೆಗೆದುಕೊಂಡು 1930ರಲ್ಲಿ ಬಿ.ಎ. ಆದರು. ಎಂ.ಎ.ಗೆ ಅರ್ಜಿ ಹಿಡಿದು ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಾಗ ಗೆಳೆಯನೊಬ್ಬ ಎದುರಾದ. ಎಂ.ಎ. ಮಾಡಿದರೆ ಸಾಹಿತ್ಯದ ಮೇಲಿನ ಪ್ರೀತಿಯೇ ಸತ್ತುಹೋದೀತು ಎಂದು ಆತ ಹೇಳಿದ್ದೇ ತಡ, ಅರ್ಜಿಯ ಸಮೇತ ಇಳಿದು ಬಂದರು. ಚನ್ನಪಟ್ಟಣದ ಶಾಲೆಯಲ್ಲಿ ಸಿಕ್ಕಿದ ಉಪಾಧ್ಯಾಯರ ಕೆಲಸವೂ ಬಹಳ ದಿನ ಉಳಿಯಲಿಲ್ಲ. ಬರೆದೇ ಬದುಕುತ್ತೇನೆ ಎಂದು ಅವರು ಮನೆಯಲ್ಲಿ ಹೇಳಿದರು. ಬರೆದು ಬದುಕಿದವರನ್ನು ಆಗ ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಅದೇ ವರ್ಷ ಬೆಂಗಳೂರಿನ ಅಜ್ಜಿಯ ಮನೆಯಲ್ಲಿ, ಅಜ್ಜಿಯೇ ನೋಡಿಕೊಟ್ಟ ಒಳ್ಳೆಯ ದಿನ, ಒಂದು ನೋಟ್‌ಬುಕ್ ಕೊಂಡು ಕಾದಂಬರಿಯ ಮೊದಲ ಸಾಲು ಬರೆದರು. ಮಾಲ್ಗುಡಿ ಮೊದಲು ಕಣ್ಣಿಗೆ ಬಂದದ್ದು ಒಂದು ಪುಟ್ಟ ರೈಲ್ವೆ ನಿಲ್ದಾಣವಾಗಿ. ಆ ನಿಲ್ದಾಣದ ಸುತ್ತ ಶಾಲೆ, ನದಿ, ಬೀದಿಗಳು ಒಂದೊಂದಾಗಿ ಬೆಳೆದವು. ಹೀಗೆ ಹುಟ್ಟಿದ್ದು ‘ಸ್ವಾಮಿ ಅಂಡ್ ಫ್ರೆಂಡ್ಸ್’.

ಒಂಬತ್ತು ರೂಪಾಯಿ ಹನ್ನೆರಡು ಆಣೆ

ಲೇಖಕನಾಗಿ ನಾರಾಯಣ್ ಅವರ ಮೊದಲ ವರ್ಷದ ಸಂಪಾದನೆ ಒಟ್ಟು 9 ರೂಪಾಯಿ 12 ಆಣೆ. ಅವರ ಮೊದಲ ಪ್ರಕಟಿತ ಬರಹ ಕತೆಯಲ್ಲ, ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಕಡಲ ಕಾನೂನನ್ನು ಕುರಿತ ಪುಸ್ತಕದ ವಿಮರ್ಶೆ! ಸಿಕ್ಕ ಕೆಲಸ ಯಾವುದಾದರೂ ಸರಿ, ಹೇಳಿದ ದಿನಕ್ಕೆ, ಹೇಳಿದ ಅಳತೆಗೆ ಬರೆದುಕೊಡುವುದನ್ನು ಅವರು ಮೊದಲು ಕಲಿತರು.

ಮದುವೆಯಾದ ಮೇಲೆ ಸಂಸಾರಕ್ಕೆ ಹಣ ಬೇಕಾಯಿತು. ಮದ್ರಾಸಿನ ‘ಜಸ್ಟಿಸ್’ ಪತ್ರಿಕೆಗೆ ಮೈಸೂರಿನ ವರದಿಗಾರರಾದರು. ಅಚ್ಚಾದ ಸುದ್ದಿಗೆ ಅಂಗುಲದ ಲೆಕ್ಕದಲ್ಲಿ ಹಣ. ಸುದ್ದಿಗಾಗಿ ಮಾರುಕಟ್ಟೆ, ನ್ಯಾಯಾಲಯ, ಪೊಲೀಸ್ ಠಾಣೆ ಎಂದು ದಿನವೂ ಅಲೆಯಬೇಕು, ಮಧ್ಯಾಹ್ನದೊಳಗೆ ಬೆರಳಚ್ಚು ಮಾಡಿ ಅಂಚೆಗೆ ಹಾಕಬೇಕು. ಜಗಳ, ಕಳ್ಳತನ, ಸಭೆ, ಭಾಷಣ ಎಲ್ಲವೂ ಅವರ ಕಣ್ಣ ಮುಂದೆ ಹಾದುಹೋದವು. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ, ವೀಳ್ಯದೆಲೆ, ನಂಜನಗೂಡಿನ ರಸಬಾಳೆಯ ಸಾಲುಗಳ ನಡುವೆ ಇಂದು ನಡೆಯುವವರು ಸ್ವಲ್ಪ ಕಿವಿಗೊಟ್ಟರೆ ಸಾಕು. ವ್ಯಾಪಾರದ ಮಾತು, ಜಂಬದ ಮಾತು, ಮನೆಯ ಕಷ್ಟದ ಮಾತು ಒಂದರ ಹಿಂದೆ ಒಂದು ಕೇಳುತ್ತವೆ. ಮಾಲ್ಗುಡಿಯ ಹಣಕಾಸಿನ ಪಂಡಿತ, ಸಿಹಿತಿಂಡಿ ವ್ಯಾಪಾರಿ, ಬೋರ್ಡು ಬರೆಯುವವ ಇಂಥ ಬೀದಿಗಳ ಮಕ್ಕಳೇ.

ಇತ್ತ ‘ಸ್ವಾಮಿ’ಯ ಬೆರಳಚ್ಚು ಪ್ರತಿ ಲಂಡನ್ನಿನ ಪ್ರಕಾಶಕರ ಬಳಿಗೆ ಹೋಗುವುದು, ವಾರಗಳ ನಂತರ ಹಿಂದಿರುಗುವುದು, ಮತ್ತೊಬ್ಬರ ಬಳಿಗೆ ಹೋಗುವುದು ನಡೆದೇ ಇತ್ತು. ಮೈಸೂರಿನಲ್ಲಿ ನೆರೆಯವನಾಗಿದ್ದ ಪೂರ್ಣ ಎಂಬ ಗೆಳೆಯ ಓದಲು ಆಕ್ಸ್‌ಫರ್ಡಿಗೆ ಹೋಗಿದ್ದ. ಕೊನೆಗೆ ಪ್ರತಿ ಅವನ ಕೈಸೇರಿತು. ನಿರಾಕರಣೆಗಳಿಂದ ಬೇಸತ್ತ ನಾರಾಯಣ್, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು ಎಂದು ಬರೆದರು. ಪೂರ್ಣ ಹಾಗೆ ಮಾಡಲಿಲ್ಲ. ಅಲ್ಲೇ ಇದ್ದ ಕಾದಂಬರಿಕಾರ ಗ್ರಹಾಂ ಗ್ರೀನ್ ಅವರಿಗೆ ಓದಲು ಕೊಟ್ಟ. ಗ್ರೀನ್ ಮೆಚ್ಚಿ ಪ್ರಕಾಶಕರಿಗೆ ಶಿಫಾರಸು ಮಾಡಿದರು. 1935ರಲ್ಲಿ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆ ಪುಸ್ತಕ ಹೊರತಂದಿತು. ನಾರಾಯಣಸ್ವಾಮಿ ಎಂಬ ಉದ್ದ ಹೆಸರು ಗ್ರೀನ್ ಸಲಹೆಯಂತೆ ಆರ್.ಕೆ. ನಾರಾಯಣ್ ಎಂದು ಚಿಕ್ಕದಾಯಿತು. ಇಬ್ಬರೂ ಮುಖಾಮುಖಿ ಭೇಟಿಯಾದದ್ದು ಮಾತ್ರ ಎರಡು ದಶಕಗಳ ನಂತರ.

ಅಚ್ಚಾದ ಮೇಲೂ ಕಷ್ಟ ತೀರಲಿಲ್ಲ ಎಂಬುದನ್ನು ಬರೆಯುವ ಆಸೆಯುಳ್ಳ ಮಕ್ಕಳು ಗಮನಿಸಬೇಕು. ವಿಮರ್ಶಕರು ಹೊಗಳಿದರು, ಪುಸ್ತಕ ಹೆಚ್ಚು ಮಾರಾಟವಾಗಲಿಲ್ಲ. 1937ರ ‘ದಿ ಬ್ಯಾಚಲರ್ ಆಫ್ ಆರ್ಟ್ಸ್’ ಕಾದಂಬರಿಗೆ ಬೇರೆ ಪ್ರಕಾಶಕರು, 1938ರ ‘ದಿ ಡಾರ್ಕ್ ರೂಮ್’ಗೆ ಮತ್ತೊಬ್ಬರು. 1937ರಲ್ಲಿ ತಂದೆ ತೀರಿಕೊಂಡರು. ಮೈಸೂರು ಸರ್ಕಾರ ಒಪ್ಪಿಸಿದ ಕೆಲಸದ ಮೇಲೆ ನಾರಾಯಣ್ ಸಂಸ್ಥಾನವನ್ನೆಲ್ಲ ಸುತ್ತಿ ಪ್ರವಾಸ ಪುಸ್ತಕವೊಂದನ್ನು ಬರೆದರು. ‘ಮೈಸೂರ್’ ಎಂಬ ಹೆಸರಿನ ಅದು ಪ್ರಕಟವಾದದ್ದು 1939ರಲ್ಲಿ. ಅದೇ ವರ್ಷ ಪತ್ನಿ ರಾಜಂ ವಿಷಮಶೀತ ಜ್ವರಕ್ಕೆ ಬಲಿಯಾದರು. ಎಳೆಯ ಮಗಳನ್ನು ಸಾಕುವ ಹೊಣೆ ಉಳಿಯಿತು; ಬರವಣಿಗೆ ನಿಂತೇಹೋಯಿತು. ಆ ದುಃಖ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿಯಾಗಿ ಹೊರಬರಲು 1945 ಆಗಬೇಕಾಯಿತು.

ಈ ನಡುವೆ ಯುದ್ಧದಿಂದ ಲಂಡನ್ನಿನ ಸಂಪರ್ಕ ಕಡಿದಿತ್ತು. 1941ರಲ್ಲಿ ‘ಇಂಡಿಯನ್ ಥಾಟ್’ ಎಂಬ ಪತ್ರಿಕೆ ತಂದರು. ವರ್ಷ ತುಂಬುವುದರೊಳಗೆ ಅದು ನಿಂತಿತು. ಅದೇ ಹೆಸರಿನಲ್ಲಿ ಪ್ರಕಾಶನ ಸಂಸ್ಥೆ ತೆರೆದು ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸತೊಡಗಿದರು. ಲಂಡನ್ನಿನ ಬಾಗಿಲು ಮುಚ್ಚಿದಾಗ ಮೈಸೂರಿನ ಮುದ್ರಣಾಲಯದ ಬಾಗಿಲು ತೆರೆದುಕೊಂಡಿತು. ಮೊಳೆ ಜೋಡಿಸುವವರು, ಕರಡು ತಿದ್ದುವವರು, ನಾಳೆ ಕೊಡುತ್ತೇನೆನ್ನುವ ಮುದ್ರಕರು ಇವರನ್ನೆಲ್ಲ ಹತ್ತಿರದಿಂದ ಕಂಡ ಫಲವೇ 1949ರ ‘ಮಿಸ್ಟರ್ ಸಂಪತ್’.

ಎಂಟು ಕಿಟಕಿಗಳ ಕೋಣೆ

ಅನೇಕ ವರ್ಷ ಲಕ್ಷ್ಮೀಪುರಂನಲ್ಲಿ ಬಾಡಿಗೆ ಮನೆಯಲ್ಲಿದ್ದ ನಾರಾಯಣ್ ತಾವೇ ಕಟ್ಟಿಸಿದ್ದು ಯಾದವಗಿರಿಯ ಈ ಮನೆ. ಮಹಡಿಯ ಮೇಲೆ, ಗೋಡೆ ಹೊರಕ್ಕೆ ಬಾಗಿದಂತಿರುವ ಬರವಣಿಗೆಯ ಕೋಣೆ. ಅದಕ್ಕೆ ಎಂಟು ಕಿಟಕಿಗಳು. ಒಂದು ಕಡೆ ಚಾಮುಂಡಿ ಬೆಟ್ಟ, ಇನ್ನೊಂದು ಕಡೆ ಊರಿನ ಗೋಪುರ ಗುಮ್ಮಟಗಳು, ಮೇಯುವ ದನಗಳು, ಹಾದುಹೋಗುವ ರೈಲು. ಇಂಥ ಕೋಣೆಯಲ್ಲಿ ಕುಳಿತರೆ ಯಾರಾದರೂ ಬರೆಯಬಹುದು ಎನಿಸುತ್ತದೆ. ನಾರಾಯಣ್ ಅವರ ಅನುಭವ ಬೇರೆ. ನೋಟ ಸೊಗಸಾದಷ್ಟೂ ಬರವಣಿಗೆ ನಿಂತಿತು. ಕೊನೆಗೆ ಕಿಟಕಿಗೆ ಪರದೆ ಎಳೆದು, ದಿನಕ್ಕೆ ಸಾವಿರ ಪದದಂತೆ ಬರೆದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಬೆಳಿಗ್ಗೆ ಬೀದಿಯಲ್ಲಿ ಕಣ್ಣು ತೆರೆದು ನಡೆಯುವುದು, ಆಮೇಲೆ ಪರದೆ ಎಳೆದು ಕೂರುವುದು. ಅವರ ವಿದ್ಯೆಯ ಗುಟ್ಟು ಇಷ್ಟೇ.

ಇಲ್ಲಿಂದ ಹೊರಟ ಕತೆಗಳಲ್ಲಿ ಹೆಸರಾದದ್ದು ‘ದಿ ಗೈಡ್’. ಅದನ್ನು ಬರೆದದ್ದು ಅಮೆರಿಕದ ಬರ್ಕ್ಲಿಯಲ್ಲಾದರೂ ಬೀಜ ಮೈಸೂರಿನದು. ಒಮ್ಮೆ ಭಾರಿ ಬರ ಬಂದು ಕೃಷ್ಣರಾಜಸಾಗರವೇ ಒಣಗಿದಾಗ, ಕಾವೇರಿಯ ಪಾತ್ರದಲ್ಲಿ ನಿಂತು ಮಳೆಗಾಗಿ ಹನ್ನೊಂದು ದಿನ ಜಪ ನಡೆಸಿದ ಸಂಗತಿಯನ್ನು ಅವರು ಆತ್ಮಕತೆಯಲ್ಲಿ ಹೇಳಿದ್ದಾರೆ. ಊರಿನವರೆಲ್ಲ ಕಂಡು ಮರೆತ ಆ ದೃಶ್ಯ ಅವರಲ್ಲಿ ಉಳಿಯಿತು. 1958ರಲ್ಲಿ ಕಾದಂಬರಿ ಬಂದಿತು. 1960ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇಂಗ್ಲಿಷ್ ಕೃತಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಶಾಲೆಯಲ್ಲಿ ತಾವು ಪಟ್ಟ ಪಾಡನ್ನು ನಾರಾಯಣ್ ಕೊನೆಯವರೆಗೂ ಮರೆಯಲಿಲ್ಲ. ರಾಜ್ಯಸಭೆಗೆ ನಾಮಕರಣಗೊಂಡಾಗ ಅವರು ಎತ್ತಿದ ವಿಷಯ ಸಾಹಿತ್ಯವಲ್ಲ. ಮಕ್ಕಳ ಬೆನ್ನ ಮೇಲಿನ ಪುಸ್ತಕದ ಚೀಲದ ಭಾರ. ಮುಂದೆ ವಿಜ್ಞಾನಿ ಯಶಪಾಲ್ ಅಧ್ಯಕ್ಷತೆಯ ಸಮಿತಿ ‘ಹೊರೆಯಿಲ್ಲದ ಕಲಿಕೆ’ಯನ್ನು ಕುರಿತು 1993ರಲ್ಲಿ ಕೊಟ್ಟ ವರದಿ ಈ ಭಾಷಣವನ್ನು ನೆನೆಯುತ್ತದೆ.

ಕೊನೆಯ ವರ್ಷಗಳನ್ನು ಚೆನ್ನೈನಲ್ಲಿ ಕಳೆದ ನಾರಾಯಣ್ 2001ರ ಮೇ 13ರಂದು ನಿಧನರಾದರು. 2011ರಲ್ಲಿ ಯಾದವಗಿರಿಯ ಮನೆಯನ್ನು ಕೆಡವುವ ಕೆಲಸ ಆರಂಭವಾಗಿತ್ತು. ಸುದ್ದಿ ತಿಳಿದು ಸಾಹಿತ್ಯಪ್ರಿಯರು ದನಿಯೆತ್ತಿದ ಮೇಲೆ ಅದು ನಿಂತಿತು. ಮನೆಯನ್ನು ಸಾರ್ವಜನಿಕರಿಗಾಗಿ ಕೊಂಡು ದುರಸ್ತಿ ಮಾಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಛಾಯಾಚಿತ್ರಗಳು, ಅವರು ತೊಟ್ಟ ಬಟ್ಟೆಗಳು, ಪುಸ್ತಕಗಳು ಅಲ್ಲಿವೆ. ಆಡಂಬರವಿಲ್ಲ.

ಒಂದು ದಿನದ ಬಿಡುವಿದ್ದರೆ ಬೆಳಿಗ್ಗೆ ಬೇಗ ಕುಕ್ಕರಹಳ್ಳಿ ಕೆರೆ, ಅಲ್ಲಿಂದ ಮಹಾರಾಜ ಕಾಲೇಜು, ಆಮೇಲೆ ದೇವರಾಜ ಮಾರುಕಟ್ಟೆ, ಕೊನೆಗೆ ಯಾದವಗಿರಿಯ ಮನೆ ಎಂದು ಇಟ್ಟುಕೊಳ್ಳಬಹುದು. ಅರಮನೆ, ಮೃಗಾಲಯ ಮರುದಿನಕ್ಕಿರಲಿ. ಮಕ್ಕಳ ಕೈಗೊಂದು ನೋಟ್‌ಬುಕ್ ಕೊಟ್ಟರೆ ಒಳ್ಳೆಯದು. ಮಾರುಕಟ್ಟೆಯಲ್ಲಿ ಕೇಳಿದ ಒಂದು ಮಾತು, ಕೆರೆಯ ಬಳಿ ಕಂಡ ಒಬ್ಬ ಮನುಷ್ಯ, ಇಷ್ಟನ್ನು ಹಿಂದಿರುಗುವ ರೈಲಿನಲ್ಲಿ ಅವರು ಬರೆದರೆ ಸಾಕು. ಅದಕ್ಕೆ ಅಂಕ ಹಾಕುವ ಕೆಲಸವನ್ನು ಮಾತ್ರ ದೊಡ್ಡವರು ಆ ದಿನ ಬಿಟ್ಟುಬಿಡಬೇಕು.