ಹಿನ್ನೀರಿನ ತಳದ ಗೋಡೆ

ಕಾಲುವೆಯ ಮಗ್ಗುಲಲ್ಲಿ ಬೆಳೆದವರಿಗೆ ನೀರಿನ ಬಗ್ಗೆ ಒಂದು ಸೊಕ್ಕಿರುತ್ತದೆ. ಮೂಡಲಗಿ ಸೀಮೆಯ ನನಗೂ ಇತ್ತು. ಘಟಪ್ರಭಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಾಕು, ಒಂದು ಸೇತುವೆಯಿಂದ ಜಿಗಿದು ಮುಂದಿನ ಸೇತುವೆಯ ಹತ್ತಿರ ದಂಡೆ ಹಿಡಿಯುತ್ತಿದ್ದೆವು. 1897ರಲ್ಲಿ ಮುಗಿದ ಧೂಪದಾಳದ ಒಡ್ಡು ಹೊಳೆಯನ್ನು ಕಾಲುವೆಗೆ ತಿರುಗಿಸುತ್ತದೆ. ಅದಕ್ಕೆ ನೀರು ಕೂಡಿಟ್ಟು ಕೊಡುವುದು ಮೇಲಿರುವ ಹಿಡಕಲ್ ಅಣೆಕಟ್ಟು. ಆ ನೀರು ಕುಡಿದೇ ದೊಡ್ಡವನಾದ ಮೇಲೆ ಹಿಡಕಲ್ಲೂ ನನಗೆ ಗೊತ್ತಿದ್ದದ್ದೇ ಎಂದುಕೊಂಡಿದ್ದೆ.

ಹುಕ್ಕೇರಿಯ ಗೆಳೆಯನೊಬ್ಬ ಹಳೆಯದೊಂದು ಫೈಬರ್ ದೋಣಿ ಕೊಂಡಿದ್ದ, ಹಿಂದೆ ಸಣ್ಣ ಮೋಟರು. ಹಿಡಕಲ್ಲಿನ ಹಿನ್ನೀರಿನಲ್ಲಿ ಮುಳುಗಿರುವ ಹುನ್ನೂರಿನ ವಿಠ್ಠಲ ದೇವಸ್ಥಾನ ಬೇಸಿಗೆಯಲ್ಲಿ ನೀರಿಳಿದಾಗ ಮೇಲೇಳುತ್ತದೆ, ಹಿನ್ನೀರು ದಾಟಿ ನೋಡಿಬರೋಣ ಎಂದು ಎಲ್ಲರನ್ನೂ ಹುರಿದುಂಬಿಸಿದವನು ನಾನೇ. ಪರವಾನಗಿ ಕೇಳಬೇಕೇನೋ ಎಂಬ ಮಾತು ಬಂತು, ಹಾಗೇ ಹೋಯಿತು. ಗೋಕಾಕದ ಗೆಳೆಯನೊಬ್ಬ ಮಾತ್ರ ಲೈಫ್ ಜಾಕೆಟ್ ಎಲ್ಲಿ ಎಂದು ಮತ್ತೆ ಮತ್ತೆ ಕೇಳಿದ. 2019ರ ಆಗಸ್ಟಿನಲ್ಲಿ ಲೋಳಸೂರ ಸೇತುವೆ ಮುಳುಗಿ ಗೋಕಾಕದ ಓಣಿಗಳಿಗೆ ಹೊಳೆ ನುಗ್ಗಿದ್ದನ್ನು ಕಂಡವನು ಅವನು. ನಾವು ಅವನಿಗೆ ನಕ್ಕೆವು. ಜಾಕೆಟ್ಟುಗಳಿದ್ದವು, ಚೀಲದಲ್ಲಿ, ಆ ಚೀಲ ಹಲಗೆಯ ಕೆಳಗೆ, ಅದರ ಮೇಲೆ ಬುತ್ತಿಯ ಡಬ್ಬಿ.

ನಾನು ನೆಚ್ಚಿದ್ದು ಮೊಬೈಲಿನ ನಕಾಶೆಯನ್ನು. ಅದರಲ್ಲಿ ಹಿನ್ನೀರೆಲ್ಲ ಒಂದೇ ನೀಲಿ, ಈ ದಂಡೆಯಿಂದ ಆ ದಂಡೆಗೆ ನೆಟ್ಟಗೆ ಗೆರೆ ಎಳೆದರೆ ದಾರಿ ಮುಗಿಯಿತು. ಹಿಡಕಲ್ ತುಂಬಿದರೆ ನೀರಿನ ಮಟ್ಟ 2175 ಅಡಿ, ಸಂಗ್ರಹ 51 ಟಿಎಂಸಿ. ಮೇ ತಿಂಗಳಲ್ಲಿ ಅದು ಎಷ್ಟೋ ಕೆಳಗಿಳಿದಿರುತ್ತದೆ. ಗುಡಿ ಮೇಲೇಳುವಷ್ಟು ನೀರಿಳಿದಿದೆ ಎಂದಮೇಲೆ ಗುಡಿಯ ಸುತ್ತಲಿನ ಊರೂ ಮೇಲಕ್ಕೆ ಬಂದಿರಬೇಕಲ್ಲ? ಮನೆ ಮುಳುಗಿದ ಊರಿನವರಿಗೆ ಇದು ಲೆಕ್ಕವೇ ಅಲ್ಲ. ನನ್ನ ತಲೆಗೆ ಹೊಳೆಯಲಿಲ್ಲ.

ಹೋಗುವಾಗ ಏನೂ ಆಗಲಿಲ್ಲ. ತಿರುಗಿ ಹೊರಟಾಗ ಇಳಿಹೊತ್ತು, ಪಡುವಣ ಗಾಳಿ ಎದ್ದಿತ್ತು. ಬೇಸಿಗೆಯ ಸಂಜೆ ಘಟ್ಟದ ಕಡೆಯಿಂದ ಬರುವ ಈ ಗಾಳಿಗಾಗಿ ನಾವು ಅಂಗಳದಲ್ಲಿ ಹಾಸಿಗೆ ಹಾಸಿ ಕಾಯುತ್ತೇವೆ. ನೀರಿನ ಮೇಲೆ ಅದರ ಗುಣವೇ ಬೇರೆ. ತೆರೆದ ನೀರಿನ ಮೇಲೆ ಎಷ್ಟು ದೂರ ಓಡಿಬರುತ್ತದೋ ಅಲೆ ಅಷ್ಟು ಎತ್ತರ ಬೆಳೆಯುತ್ತದೆ. ಕಾಲುವೆಯಲ್ಲಿ ಆ ದೂರವೇ ಇಲ್ಲ, ಹೀಗಾಗಿ ನಾನು ಅಲೆಯನ್ನೇ ಕಂಡವನಲ್ಲ. ಕಾಲುವೆಯ ನೀರು ಎಲ್ಲಿಗಾದರೂ ಒಯ್ದು ಮುಟ್ಟಿಸುತ್ತದೆ. ಇಲ್ಲಿನ ನೀರಿಗೆ ಹೋಗುವ ಊರೇ ಇರಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಠಣ್ಣೆಂದಿತು. ಮೋಟರಿನ ಪಂಖ ಕಲ್ಲಿಗೆ ಬಡಿದು ಪಿನ್ನು ಮುರಿದಿತ್ತು. ಗೇರು ಒಡೆಯದಿರಲಿ ಎಂದು ಮೊದಲು ತಾನು ಮುರಿಯುವುದೇ ಆ ಪಿನ್ನಿನ ಕೆಲಸ. ಬೇರೊಂದು ಪಿನ್ನು ಜೊತೆಗಿರಬೇಕು, ಇರಲಿಲ್ಲ. ಎಂಜಿನ್ ಕೂಗುತ್ತಿತ್ತು, ಪಂಖ ತಿರುಗುತ್ತಿರಲಿಲ್ಲ. ಬಲ ಕಳೆದುಕೊಂಡ ದೋಣಿ ತಾನಾಗಿಯೇ ಗಾಳಿಗೆ ಅಡ್ಡವಾಗಿ ನಿಂತಿತು. ಮೂತಿಯ ಕಡೆಯಿಂದ ಲಂಗರು ಬಿಟ್ಟಿದ್ದರೆ ಅಲೆಗೆ ಎದುರಾಗಿ ನಿಲ್ಲುತ್ತಿತ್ತು. ನಮ್ಮ ಹತ್ತಿರ ಹಗ್ಗವೂ ಇರಲಿಲ್ಲ. ಯಾವ ಕಲ್ಲು ಎಂದು ನೋಡಲು ಎಲ್ಲರೂ ಎದ್ದು ಒಂದೇ ಮಗ್ಗುಲಿಗೆ ಬಾಗಿದೆವು. ಅಂಚು ನೀರಿಗೆ ತಾಗಿ ಮೊಣಕಾಲಿನವರೆಗೆ ನೀರು ಒಳನುಗ್ಗಿತು.

“ಕುಂಡ್ರಿ!” ಎಂದು ಚೀರಿದವನು ಗೋಕಾಕದವನು. 2009ರಲ್ಲಿ ತೇಕ್ಕಡಿಯ ಜಲಾಶಯದಲ್ಲಿ ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದು ದೋಣಿ ಮಗುಚಿ 45 ಮಂದಿ ಸತ್ತಿದ್ದನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ಆ ಹೊತ್ತಿಗೆ ಓದಿದ್ದೊಂದೂ ನೆನಪಾಗಲಿಲ್ಲ. ಬುತ್ತಿಯ ಡಬ್ಬಿಯಿಂದಲೇ ನೀರು ತೋಡಿದೆವು.

ಬಲೆ ಹಾಕಲು ಬಂದಿದ್ದ ಹಿರಿಯ ಅಂಬಿಗನೊಬ್ಬ ತೆಪ್ಪ ತಿರುಗಿಸಿಕೊಂಡು ಬಂದ. ಮೊದಲು ಜಾಕೆಟ್ ಹಾಕಿಸಿದ, ಬಲೆಯ ಹಗ್ಗ ಮೂತಿಗೆ ಕಟ್ಟಿದ, ಆಮೇಲೆ ಬೈದ. “ಅಗಸಿ ಗ್ವಾಡಿ ಮ್ಯಾಲ ಮೋಟರ್ ಹಚ್ಚೀರಲ್ಲ, ಕಣ್ಣಿಲ್ಲೇನು?” ಊರಬಾಗಿಲ ಗೋಡೆಯಿರಲಿ, ನಮಗೆ ಕಾಣುತ್ತಿದ್ದದ್ದು ಬರೀ ನೀರು. ಅವನ ಹಿರಿಯರು ಅದೇ ಊರಿನವರು. ಮುಳುಗಡೆಯಾಗಿ ಎದ್ದುಹೋದ ಮೇಲೂ ಮನೆಯಲ್ಲಿ ದಿನಾ ಆ ಊರಿನದೇ ಮಾತು. ಹೀಗಾಗಿ ಅಗಸಿ, ಹುಡೇವು, ಸೇದುವ ಬಾವಿ, ಹುಣಸೆ ಮರದ ಬೊಡ್ಡೆ ಎಲ್ಲೆಲ್ಲಿವೆ ಎಂದು ಅವನಿಗೆ ಬಾಯಿಪಾಠ. ದಂಡೆಯತ್ತ ಎಳೆಯುವಾಗ ಹಳೆಯ ಗಾಡಿದಾರಿಯ ಮೇಲೆಯೇ ಒಯ್ದ. ಅಲ್ಲಿ ಕಲ್ಲಿಲ್ಲವಂತೆ. ಆ ಮಧ್ಯಾಹ್ನ ನಾವು ದೋಣಿ ನೀರಿಗಿಳಿಸುವಾಗ ಅವನು ಅಲ್ಲೇ ಕುಳಿತು ಬಲೆ ಹೆಣೆಯುತ್ತಿದ್ದ. ಮಾತಾಡಿಸುವ ಗರಜು ನನಗೆ ಕಂಡಿರಲಿಲ್ಲ.

ನಮ್ಮ ಕಾಲುವೆಗೆ ನೀರು ಬರಲಿ ಎಂದು ಎದ್ದುಹೋದ ಊರುಗಳವು. ಮೂಡಲಗಿಯ ನನ್ನ ಕಬ್ಬಿಗೂ ಅವನ ಅಗಸಿಗೂ ಇರುವ ಸಂಬಂಧವನ್ನು ಅವನೇನೂ ಎತ್ತಿ ಆಡಲಿಲ್ಲ. ಕೊಡಹೋದ ದುಡ್ಡು ಮುಟ್ಟಲಿಲ್ಲ, ಹರಿದ ಬಲೆಯ ರೊಕ್ಕವನ್ನಷ್ಟೇ ಲೆಕ್ಕ ಹಾಕಿ ತೆಗೆದುಕೊಂಡ.

ಈಗ ಹೋದರೆ ಬೆಳಗ್ಗೆ ಹೋಗುತ್ತೇವೆ, ಗಾಳಿ ಏಳುವ ಮೊದಲು ದಂಡೆಯಲ್ಲಿರುತ್ತೇವೆ, ಅವನು ಮುಂದಿನ ಹಲಗೆಯ ಮೇಲೆ ಕುಳಿತು ಕೈ ತೋರಿಸುತ್ತಾನೆ. ಗೋಕಾಕದ ಗೆಳೆಯನನ್ನು ಪ್ರತಿಸಲ ಕರೆಯುತ್ತೇನೆ. “ಬರ್ತೇನಿ, ಆದ್ರ ನೀ ದಂಡಿ ಮ್ಯಾಲ ಇರಬೇಕು” ಎನ್ನುತ್ತಾನೆ.