ನಿಂಬೆ ಹಿಂಡುವ ಜಾಗ

ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿತೋಟ ನೋಡಿ ಬಂದ ಅಣ್ಣ ಒಂದು ಬಾಟಲಿ ಸೊವಿನ್ಯೋನ್ ಬ್ಲಾಂ ವೈಟ್ ವೈನ್ ತಂದು ಫ್ರಿಜ್ಜಿನಲ್ಲಿಟ್ಟ ದಿನ ಮನೆಯಲ್ಲಿ ಕಾಣೆ ಮೀನಿತ್ತು. ಅತ್ತಿಗೆ ಮಂಗಳೂರಿನವರು. ರವೆ ಹಚ್ಚಿ ಕಾವಲಿಯ ಮೇಲೆ ಗರಿಗರಿಯಾಗಿ ಕಾಯಿಸಿ ತಂದಿಟ್ಟರು. ನಾನು ಎಂದಿನಂತೆ ನಿಂಬೆಹೋಳಿಗೆ ಕೈ ಚಾಚಿದೆ. ಅಷ್ಟರಲ್ಲಿ ಒಂದು ಗುಟುಕು ಕುಡಿದಿದ್ದ ಅತ್ತಿಗೆ ತಡೆದರು: “ಲಿಂಬೆ ಬೇಡ ಮಾರಾಯ್ತಿ, ಅದು ಗ್ಲಾಸಿನಲ್ಲೇ ಉಂಟು.”

ವೈಟ್ ವೈನ್ ಜೊತೆ ಏನು ತಿನ್ನಬೇಕೆಂದು ಯಾರು ಕೇಳಿದರೂ ನಾನು ಈಗ ಆ ಮಾತನ್ನೇ ಹೇಳುತ್ತೇನೆ. ಯಾವುದರ ಮೇಲೆ ನಿಂಬೆ ಹಿಂಡಬೇಕೆನಿಸುತ್ತದೋ ಅದನ್ನು ಮಾಡಿ. ಕರಿದ ಮೀನು, ಬೆಣ್ಣೆಯಲ್ಲಿ ಬಾಡಿಸಿದ ಸೀಗಡಿ, ಬಿಸಿ ಬಜ್ಜಿ. ಜಿಡ್ಡು ನಾಲಿಗೆಗೆ ಅಂಟಿಕೊಂಡಿರುವಾಗ ವೈನಿನ ಹುಳಿ ಬಂದು ತೊಳೆದುಬಿಡುತ್ತದೆ. ಮುಂದಿನ ತುತ್ತಿಗೆ ಬಾಯಿ ಮತ್ತೆ ಸಿದ್ಧ. ಫ್ರಾನ್ಸಿನ ಲ್ವಾರ್ ನದಿ ಸಮುದ್ರ ಸೇರುವ ಕಡೆ, ನಾಂತ್ ಪಟ್ಟಣದ ಸುತ್ತಮುತ್ತ, ಮಸ್ಕಡೆ ಎಂಬ ವೈನನ್ನು ಹಸಿ ಸಿಂಪಿಯೊಂದಿಗೆ ಕುಡಿಯುತ್ತಾರೆ. ಅದೇ ನದಿಯ ಮೇಲ್ಭಾಗದಲ್ಲಿ, ಸಾನ್ಸೇರ್‌ನ ಸೊವಿನ್ಯೋನ್ ಬ್ಲಾಂಗೆ ಪಕ್ಕದ ಶಾವಿನ್ಯೋಲ್ ಹಳ್ಳಿಯ ಆಡಿನ ಹಾಲಿನ ಚೀಸ್ ಜೋಡಿ. ಆ ಊರುಗಳವರು ತಮ್ಮ ನೆಲದ ಹುಳಿಗೆ ತಮ್ಮ ಕೈಗೆಟುಕಿದ್ದನ್ನೇ ಹೊಂದಿಸಿಕೊಂಡದ್ದು ನನಗೆ ಬಹಳ ಇಷ್ಟ. ನಮಗೂ ಆ ಹಕ್ಕಿದೆ.

ಆದರೆ ಅದೇ ಮಧ್ಯಾಹ್ನ ಹುಣಸೆ, ಮೆಣಸು ಅರೆದು ಮಾಡಿದ ಬಂಗುಡೆ ಪುಳಿಮುಂಚಿ ಬಂದಾಗ ವೈನ್ ಸೋತಿತು. ಒಂದು ತುತ್ತು ತಿಂದು ಕುಡಿದರೆ ಬರೀ ನೀರು, ಜೊತೆಗೆ ಉರಿ. ಕಾರಣ ಹುಡುಕಿದಾಗ ಸಂತೋಷವಾಯಿತು. ದ್ರಾಕ್ಷಿಯ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ, ಹುಣಸೆಹಣ್ಣಿನದೂ ಅದೇ! ಎರಡೂ ಒಂದೇ ಜಾತಿಯ ಹುಳಿ, ಹುಣಸೆಯದು ಬಲು ಗಟ್ಟಿ. ತಟ್ಟೆಯ ಹುಳಿ ಗ್ಲಾಸಿನ ಹುಳಿಯನ್ನು ಮೀರಿದರೆ ವೈನಿಗೆ ಹೇಳಲು ಏನೂ ಉಳಿಯುವುದಿಲ್ಲ. ಉರಿಯ ಕಥೆ ಬೇರೆ. ಮೆಣಸಿನ ಖಾರವನ್ನು ಆಲ್ಕೋಹಾಲ್ ಇನ್ನಷ್ಟು ಕೆರಳಿಸುತ್ತದೆ. ಹಾಗಾಗಿ ಖಾರದ ಊಟಕ್ಕೆ ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್‌ನಂಥದ್ದು ಹೊಂದುತ್ತದೆ: ತುಸು ಸಿಹಿ ಉಳಿಸಿಕೊಂಡ ಬಾಟಲಿಗಳಲ್ಲಿ ಆಲ್ಕೋಹಾಲ್ ಹಲವು ಸಲ ಶೇ. 8-9 ಮಾತ್ರ. ಅದು ಸಿಗದಿದ್ದರೆ ಮೆಣಸಿನಕಾಯಿಯನ್ನೇ ಬದಲಿಸಿ. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಕೆಂಪಗಿನ ಮಸಾಲೆಯೂ ಆಯಿತು, ವೈನೂ ಉಳಿಯಿತು.

ನನ್ನ ಮೆಚ್ಚಿನ ಜೋಡಿ ಮಾತ್ರ ಮೀನಲ್ಲ, ಹೆಸರುಬೇಳೆ ಕೋಸಂಬರಿ. ಸೊವಿನ್ಯೋನ್ ಬ್ಲಾಂ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದರೆ ಕೊಯ್ದ ಹುಲ್ಲಿನ, ದೊಣ್ಣೆ ಮೆಣಸಿನಕಾಯಿಯ ಒಂದು ಹಸಿರು ವಾಸನೆ ಬರುತ್ತದೆ. ಅದು ಬರೀ ಹೋಲಿಕೆಯಲ್ಲ. ದೊಣ್ಣೆ ಮೆಣಸಿನಕಾಯಿಗೆ ಆ ಪರಿಮಳ ಕೊಡುವ ಪೈರಜೀನ್ ಎಂಬ ಸಂಯುಕ್ತವೇ ಈ ದ್ರಾಕ್ಷಿಯಲ್ಲೂ ಇದೆ. ಸೌತೆಕಾಯಿ, ಕೊತ್ತಂಬರಿ ಸೊಪ್ಪು, ಹಸಿ ತೆಂಗಿನತುರಿ, ನೆನೆದ ಬೇಳೆಯ ಹಸಿಕಂಪು ಎಲ್ಲವೂ ಆ ವಾಸನೆಯ ನೆಂಟರು. ಹಸಿಮೆಣಸಿನಕಾಯಿ ಅರ್ಧ ಸಾಕು. ನಿಂಬೆರಸ ನಾಲ್ಕು ಹನಿ, ಹೆಚ್ಚು ಬೇಡ.

ತೆಂಗಿನಹಾಲಿನ ಕುರ್ಮಾ, ನೀರ್‌ದೋಸೆಗಾದರೆ ವಿಯೋನ್ಯೇ ಎಂಬ ವೈಟ್ ವೈನ್ ಇರಲಿ. ಅದಕ್ಕೆ ಹುಳಿ ಕಡಿಮೆ, ಏಪ್ರಿಕಾಟ್ ಹಣ್ಣಿನ ಕಂಪು, ಬಾಯಲ್ಲಿ ಕೊಂಚ ಮಂದವಾಗಿ ನಿಲ್ಲುತ್ತದೆ. ಹೋಳಿಗೆಯ ಹತ್ತಿರ ಮಾತ್ರ ಇವನ್ನು ಯಾವುದನ್ನೂ ತರಬೇಡಿ. ಸಿಹಿ ತಿಂದ ನಾಲಿಗೆಗೆ ಸಿಹಿಯಿಲ್ಲದ ವೈನ್ ಬರೀ ಕಹಿಹುಳಿ. ಇನ್ನೊಂದು ಮಾತು: ಬಾಟಲಿಯನ್ನು ಫ್ರಿಜ್ಜಿನಿಂದ ಊಟಕ್ಕೆ ಹತ್ತು-ಹದಿನೈದು ನಿಮಿಷ ಮುಂಚೆ ಹೊರಗಿಡಿ. ತೀರಾ ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲ.

ಮೊನ್ನೆ ಅತ್ತಿಗೆ ಫೋನ್ ಮಾಡಿದ್ದರು. ಭಾನುವಾರ ಬರುತ್ತಾರಂತೆ, ಬಾಟಲಿ ಅವರೇ ತರುತ್ತಾರಂತೆ. ಬೇಳೆ ನೆನೆಹಾಕಲು ಎದ್ದಿದ್ದೇನೆ.